ಹಗುರ ಡ್ರೋನಿಗೂ ಒಂದು ಪರೀಕ್ಷೆ ಇರಲಿ

ಅಮೆರಿಕದಲ್ಲಿ ಹವ್ಯಾಸಕ್ಕೆ ಡ್ರೋನ್ ಹಾರಿಸುವವರೂ ಮೊದಲು 'ಟ್ರಸ್ಟ್' ಎಂಬ ಆನ್‌ಲೈನ್ ಪರೀಕ್ಷೆ ಮುಗಿಸಬೇಕು. ಶುಲ್ಕವಿಲ್ಲ, ತಪ್ಪಾದ ಉತ್ತರವನ್ನು ತಿದ್ದಿಕೊಳ್ಳಬಹುದು. ಹವ್ಯಾಸಕ್ಕಾದರೆ 250 ಗ್ರಾಂಗಿಂತ ಹಗುರವಾದ ಡ್ರೋನಿಗೆ ನೋಂದಣಿ ಬೇಕಿಲ್ಲ, ಆದರೆ ಈ ಪರೀಕ್ಷೆ ತಪ್ಪುವುದಿಲ್ಲ.

ಭಾರತದಲ್ಲಿ 2021ರ ಡ್ರೋನ್ ನಿಯಮಗಳಿಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ, 2 ಕಿಲೋವರೆಗಿನ ಡ್ರೋನನ್ನು ಸಂಪಾದನೆಗಲ್ಲದೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಸಡಿಲಿಸಿದ್ದು ಸರಿ. ಆದರೆ ಆ ಜಾಗದಲ್ಲಿ ಇಂಥದ್ದೊಂದು ಸಣ್ಣ ಪರೀಕ್ಷೆ ಇಡಬೇಕಿತ್ತು. 'ಲೈಸೆನ್ಸ್ ಬೇಡ' ಅಂದರೆ 'ಕಲಿಯುವುದೂ ಬೇಡ' ಎಂದು ಜನ ತಿಳಿದುಬಿಡುತ್ತಾರೆ.

ನಕ್ಷೆಯ ವಿಷಯದಲ್ಲಿ ಭಾರತದ ಪದ್ಧತಿಯೇ ನನಗೆ ಮೆಚ್ಚುಗೆ. ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ 'ಡಿಜಿಟಲ್ ಸ್ಕೈ' ಆನ್‌ಲೈನ್ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ಎಂಬ ಮೂರೇ ಬಣ್ಣ. ಹಸಿರಿನಲ್ಲಿ 400 ಅಡಿವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರ್ ದೂರದಲ್ಲಿ 200 ಅಡಿ ಮಾತ್ರ. ನಕ್ಷೆ ಬದಲಾಗುತ್ತಿರುತ್ತದೆ, ಹಾರಿಸುವ ದಿನವೇ ನೋಡಿ. ಇನ್ನೊಂದು ಮಾತು, ಹೊರನಾಡಿನವರಿಗೆ: 2022ರ ಫೆಬ್ರವರಿಯಲ್ಲಿ ಭಾರತ ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿದೆ, ವಿನಾಯಿತಿ ಇರುವುದು ಸಂಶೋಧನೆ, ರಕ್ಷಣೆಯಂಥ ಕೆಲಸಗಳಿಗೆ. ತಮ್ಮನಿಗೆ ಉಡುಗೊರೆಯೆಂದು ಸೂಟ್‌ಕೇಸಿನಲ್ಲಿ ಒಯ್ಯಬೇಡಿ.

ಎರಡೂ ದೇಶಗಳಲ್ಲಿ ಹೊಸಬರು ಡ್ರೋನ್ ಕಳೆದುಕೊಳ್ಳುವ ಬಗೆ ಮಾತ್ರ ಒಂದೇ. ಜಿಪಿಎಸ್ ಹಿಡಿಯುವ ಮುಂಚೆಯೇ ಮೇಲೇರಿಸುತ್ತಾರೆ. ಆಗ 'ಹೋಮ್ ಪಾಯಿಂಟ್', ಅಂದರೆ ಡ್ರೋನ್ ತಾನಾಗಿ ಮರಳಬೇಕಾದ ತಾಣ, ಹೊರಟ ಜಾಗದಲ್ಲಿ ದಾಖಲಾಗುವುದಿಲ್ಲ. ಸಿಗ್ನಲ್ ಕಡಿದಾಗ ಡ್ರೋನ್ ತಾನಾಗಿ ಮರಳಲು ಹೋಗಿ ಬೇರೆಲ್ಲೋ ಇಳಿಯಬಹುದು. ಹೋಮ್ ಪಾಯಿಂಟ್ ದಾಖಲಾಯಿತೆಂದು ಆ್ಯಪ್ ಹೇಳುವವರೆಗೂ ಕಾಯಿರಿ. ಮರಳುವ ಎತ್ತರವನ್ನು ಸುತ್ತಲಿನ ಅತಿ ಎತ್ತರದ ಮರ, ಗೋಪುರಕ್ಕಿಂತ ಹೆಚ್ಚಿಗೆ ಇಡಿ. ಈ ಎತ್ತರದ ಲೆಕ್ಕ ಹೊರಟ ನೆಲದಿಂದ. ಎದುರಿಗೆ ಗುಡ್ಡವಿದ್ದರೆ 60 ಮೀಟರ್ ಇಟ್ಟರೂ ಸಾಲದೆ ಹೋಗಬಹುದು. ತೆಳ್ಳಗಿನ ವಿದ್ಯುತ್ ತಂತಿ ಸೆನ್ಸರಿಗೆ ಕಾಣದೆ ಹೋಗಬಹುದು. ಅತಿ ವೇಗದ 'ಸ್ಪೋರ್ಟ್' ಮೋಡಿನಲ್ಲಿ ಅಡೆತಡೆ ಗುರುತಿಸುವ ವ್ಯವಸ್ಥೆ ಸಾಮಾನ್ಯವಾಗಿ ಕೆಲಸವನ್ನೇ ಮಾಡುವುದಿಲ್ಲ.

ಗಾಳಿಯನ್ನು ನೆಲದ ಮೇಲೆ ನಿಂತು ಅಳೆಯಬೇಡಿ, ಮೇಲೆ ಅದು ಜೋರಾಗಿರುತ್ತದೆ. ಮೊದಲು ಗಾಳಿಗೆದುರಾಗಿ ಹೋಗಿ, ಗಾಳಿ ಬೆನ್ನಿಗಿರುವಂತೆ ಮರಳಿ. ಉಲ್ಟಾ ಮಾಡಿದರೆ ಅರ್ಧ ಬ್ಯಾಟರಿಯೂ ವಾಪಸಾತಿಗೆ ಸಾಲದೆ ಹೋಗಬಹುದು. ಶೇಕಡಾ 30 ಉಳಿದಾಗಲೇ ಡ್ರೋನ್ ನಿಮ್ಮ ತಲೆಯ ಮೇಲೆ ಬಂದಿರಲಿ.

ಡ್ರೋನಿನ ಮೂಗು ನಿಮ್ಮ ಕಡೆ ತಿರುಗಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಗಾಬರಿಯಲ್ಲಿ ಕೈ ತಪ್ಪುವುದು ಇಲ್ಲೇ. ಬಯಲಲ್ಲಿ, ಮೂರು ಮೀಟರ್ ಎತ್ತರದಲ್ಲಿ, ಮೂಗು ನಿಮ್ಮತ್ತ ಇಟ್ಟುಕೊಂಡೇ ಎಂಟರ ಆಕಾರದಲ್ಲಿ ಸುತ್ತಿಸಿ. ಅದು ಯೋಚಿಸದೆ ಬರುವವರೆಗೆ ಕ್ಯಾಮೆರಾ ಪರದೆಯನ್ನು ನೋಡಬೇಡಿ, ಡ್ರೋನನ್ನೇ ನೋಡಿ.