ಸತ್ಯಾಂಶ: ಸಿನಿಮಾ ಟಿಕೆಟ್ ತೆರಿಗೆ ಕುಡಿತ ಬಿಡಿಸುವ ಕೇಂದ್ರಗಳಿಗೆ ಹೋಗುತ್ತಾ?

ಮಂಡ್ಯದ ನಮ್ಮ ಬೀದಿಯ ವಾಟ್ಸ್ಆ್ಯಪ್ ಗುಂಪಿಗೆ ಮೊನ್ನೆ ಒಂದು ಸಂದೇಶ ಬಂತು. 'ಸಿನಿಮಾ ಸಮಾಜ ಕೆಡಿಸುತ್ತದೆ, ಅದಕ್ಕೇ ಟಿಕೆಟ್ ಮೇಲೆ ತೆರಿಗೆ. ಆ ದುಡ್ಡೆಲ್ಲ ಕುಡಿತ ಬಿಡಿಸುವ ಕೇಂದ್ರಗಳಿಗೆ.' ಇದು ನಿಜವಲ್ಲ.

ಟಿಕೆಟ್ ಮೇಲಿರುವುದು ಜಿಎಸ್‌ಟಿ. 2017ರ ಜುಲೈ 1ರಂದು ಅದು ಬಂದಾಗ ರಾಜ್ಯದ ಹಳೆಯ ಮನರಂಜನಾ ತೆರಿಗೆ ಅದರೊಳಗೆ ಸೇರಿತು. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಶೇ 5, ಅದಕ್ಕಿಂತ ಜಾಸ್ತಿ ಇದ್ದರೆ ಶೇ 18. ಗಮನಿಸಿ, ದರ ನಿಂತಿರುವುದು ಟಿಕೆಟ್ ಬೆಲೆಯ ಮೇಲೆ. ಕುಡಿತ, ಹೊಡೆದಾಟ ತುಂಬಿದ ಚಿತ್ರಕ್ಕೂ ಮಕ್ಕಳ ಚಿತ್ರಕ್ಕೂ ಒಂದೇ ಲೆಕ್ಕ. ಮೈಸೂರಿನ ಮಾಲ್‌ನಲ್ಲಿ 200 ರೂಪಾಯಿ ಟಿಕೆಟ್‌ಗೆ 36 ರೂಪಾಯಿ ತೆರಿಗೆ. ಅದರಲ್ಲಿ 18 ಕೇಂದ್ರ ಸರ್ಕಾರಕ್ಕೆ, 18 ರಾಜ್ಯ ಸರ್ಕಾರಕ್ಕೆ. ಎರಡೂ ಬೊಕ್ಕಸಕ್ಕೆ ಸೇರುತ್ತವೆ, ಕುಡಿತ ಬಿಡಿಸಲೆಂದು ಪ್ರತ್ಯೇಕವಾಗಿ ಎತ್ತಿಡುವುದಿಲ್ಲ.

ಗೊಂದಲ ಹುಟ್ಟಲು ಒಂದು ಕಾರಣ ಇರಬಹುದು. 2024ರಲ್ಲಿ ನಮ್ಮ ವಿಧಾನಮಂಡಲ ಟಿಕೆಟ್ ಮತ್ತು ಒಟಿಟಿ ಚಂದಾ ಮೇಲೆ ಶೇ 1ರಿಂದ 2ರವರೆಗೆ ಸೆಸ್ (ಒಂದು ನಿರ್ದಿಷ್ಟ ಉದ್ದೇಶಕ್ಕೆಂದೇ ಎತ್ತುವ ಹೆಚ್ಚುವರಿ ತೆರಿಗೆ) ಹಾಕಲು ಅವಕಾಶ ಕೊಡುವ ಮಸೂದೆ ಒಪ್ಪಿತು. ಅದರ ಉದ್ದೇಶ ಸಿನಿಮಾ, ಸಾಂಸ್ಕೃತಿಕ ಕೆಲಸಗಾರರ ಕ್ಷೇಮ. ಲೈಟ್ ಹಿಡಿಯುವವರು, ಮೇಕಪ್ ಮಾಡುವವರು, ಇಂಥವರಿಗಾಗಿ. ಒಳ್ಳೆಯ ಉದ್ದೇಶವೇ, ಆದರೆ ಅದು ಬೇರೆ ವಿಷಯ ಅಲ್ವಾ?

ತೆರೆಯ ಮೇಲೆ ತಂಬಾಕು ತೋರಿಸುವ ಚಿತ್ರಗಳಿಗೆ ನೇರ ನಿಯಮವಿದೆ. ಚಿತ್ರದ ಶುರುವಲ್ಲಿ, ನಡುವಲ್ಲಿ 30 ಸೆಕೆಂಡಿನ ಎಚ್ಚರಿಕೆ ತೋರಿಸಲೇಬೇಕು. ಅದೂ ತೆರಿಗೆಯಲ್ಲ.

ಮನೆಯಲ್ಲಿ ಕುಡಿತದಿಂದ ನರಳುವವರಿದ್ದರೆ ಈ ಸಂದೇಶ ನಂಬಿ ಕಾಯಬೇಡಿ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಈಗಲೇ ಕಾಣಿ.