ಪಾಸ್‌ವರ್ಡ್ ಸರಿಯಾಗೇ ಇತ್ತು ಕಣ್ರೀ

ಅದೇ ಪಾಸ್‌ವರ್ಡ್ ಹಾಕಿ ಬೆಳಿಗ್ಗೆ ಅಕೌಂಟ್ಸ್ ಮೇಡಂ ಅವರ ಕಂಪ್ಯೂಟರ್ ತೆರೆದಿತ್ತು. ಮೇಲ್ ತೆರೆದಿತ್ತು. ಜಾಂಗೋ ಅನ್ನೋ ವೆಬ್ ಚೌಕಟ್ಟಿನಲ್ಲಿ ಕಟ್ಟಿದ ಹೊಸ ಆಫೀಸ್ ಪೋರ್ಟಲ್ ಒಂದೇ "ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ" ಅಂತ ಕೆಂಪಕ್ಷರದಲ್ಲಿ ಕೂತಿದ್ದು.

ಅಕೌಂಟ್ಸ್ ಮೇಡಂ ಹಿಂದೆ ಐದು ಜನ ನಿಂತಿದ್ರು. ಮೊದಲ ಸಲ ಸರಸರ ಹೊಡೆದ್ರು. ಎರಡನೇ ಸಲ ಕ್ಯಾಪ್ಸ್ ಲಾಕ್ ನೋಡಿಕೊಂಡು ಹೊಡೆದ್ರು. ಮೂರನೇ ಸಲ ಕನ್ನಡಕ ಸರಿಮಾಡ್ಕೊಂಡು, ಒಂದೇ ಬೆರಳಲ್ಲಿ, ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಂಡು ಹೊಡೆದ್ರು. ಹಿಂದಿದ್ದವರಿಗೆಲ್ಲ ಪಾಸ್‌ವರ್ಡ್ ಕೇಳಿಸ್ತು. ಮತ್ತೆ ಅದೇ ಕೆಂಪಕ್ಷರ. ಪೋರ್ಟಲ್ ಟೀಮಿನವನೊಬ್ಬ "ಮೇಡಂ, ನೆನಪಿಲ್ದಿದ್ರೆ ರೀಸೆಟ್ ಮಾಡಿಸ್ಕೊಳ್ಳಿ, ಎಲ್ರೂ ಕಾಯ್ತಿದಾರೆ" ಅಂದ. ಅವರು "ಸಾರಿ ಸರ್" ಅಂದ್ರು. ಮಗನ ವಯಸ್ಸಿನವನಿಗೆ, ಎಲ್ಲರೆದುರು, ಸಾರಿ!

ಲಾಗ್ ತೆಗೆದು ನೋಡಿದ್ರೆ ಆ ಪಾಸ್‌ವರ್ಡನ್ನ ಆಫೀಸಿನವರ ಖಾತೆಗಳನ್ನೆಲ್ಲ ಇಟ್ಕೊಂಡಿರೋ ಡೈರೆಕ್ಟರಿ (ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿ) ನೋಡೇ ಇಲ್ಲ. ಒಂದು ಸಲವೂ ನೋಡಿಲ್ಲ.

ಆ ಡೈರೆಕ್ಟರಿ ಜೊತೆ ಆ್ಯಪ್ ಮಾತಾಡೋ ಭಾಷೆ ಎಲ್‌ಡ್ಯಾಪ್. ಇಲ್ಲಿನ ಎಲ್‌ಡ್ಯಾಪ್ ಲಾಗಿನ್‌ನಲ್ಲಿ ಮೂರು ಹಂತ. ಮೊದಲು ಆ್ಯಪ್‌ಗೆಂದೇ ಇರೋ ಸರ್ವಿಸ್ ಅಕೌಂಟ್‌ನಿಂದ ಬೈಂಡ್, ಅಂದ್ರೆ ತಾನು ಯಾರು ಅಂತ ಡೈರೆಕ್ಟರಿಗೆ ಸಾಬೀತು ಮಾಡೋದು. ಆಮೇಲೆ ಸ್ಯಾಮ್ ಅಕೌಂಟ್ ನೇಮ್ (ಲಾಗಿನ್ ಹೆಸರು) ಹಾಕಿ ಆ ಬಳಕೆದಾರರ ಡಿಎನ್ (ಡೈರೆಕ್ಟರಿಯಲ್ಲಿ ಅವರ ಪೂರ್ತಿ ವಿಳಾಸ) ಹುಡುಕೋದು. ಡಿಎನ್ ಸಿಕ್ಕಿದ ಮೇಲೆ, ಅದರ ಜೊತೆ ಅವರು ಕೊಟ್ಟ ಪಾಸ್‌ವರ್ಡ್ ಸೇರಿಸಿ ಇನ್ನೊಂದು ಬೈಂಡ್. ಇಲ್ಲಿ ಎರಡನೇ ಹಂತದಲ್ಲೇ ಮುರಿದುಬಿದ್ದಿದೆ. ಟೆಸ್ಟ್ ಮಾಡುವಾಗ ಸರ್ಚ್ ಬೇಸ್ (ಹುಡುಕಾಟ ಶುರುವಾಗೋ ಜಾಗ) ಒಂದೇ ಒಂದು ಓಯು, ಅಂದ್ರೆ ಡೈರೆಕ್ಟರಿಯ ಒಂದು ಕೊಂಬೆ ಆಗಿತ್ತು, ಅದಕ್ಕೇ ನಡೀತು. ಲೈವ್‌ಗೆ ಹಾಕುವಾಗ "ಎಲ್ಲ ವಿಭಾಗದವರೂ ಸಿಗಲಿ" ಅಂತ ಬೇಸನ್ನ ಡೊಮೇನಿನ ಬುಡಕ್ಕೇ ಏರಿಸಿದ್ದಾರೆ. ಆಕ್ಟಿವ್ ಡೈರೆಕ್ಟರಿಯಲ್ಲಿ ಬುಡದಿಂದ ಹುಡುಕಿದ್ರೆ ಉತ್ತರದ ಜೊತೆ ಡಿಎನ್‌ಎಸ್ ಜೋನ್‌ಗಳ ರೆಫರಲ್‌ಗಳೂ, ಅಂದ್ರೆ "ಅಲ್ಲೂ ಹೋಗಿ ಕೇಳು" ಅನ್ನೋ ಸೂಚನೆಗಳೂ ಬರ್ತವೆ. ಆ್ಯಪ್ ಬಳಸೋ ಎಲ್‌ಡ್ಯಾಪ್ ಲೈಬ್ರರಿ ಅವುಗಳ ಬೆನ್ನುಹತ್ತಿ, ಬೈಂಡ್ ಇಲ್ಲದೆ, ಅನಾಮಧೇಯವಾಗಿ ಹೋಗುತ್ತೆ. ಅಲ್ಲಿಂದ "ಆಪರೇಷನ್ಸ್ ಎರರ್, ಮೊದಲು ಬೈಂಡ್ ಆಗಬೇಕು" ಅಂತ ವಾಪಸ್. ಹುಡುಕಾಟದ ಫಲಿತಾಂಶ ಖಾಲಿ. ಲಾಗಿನ್ ಪರೀಕ್ಷಿಸೋ ಬ್ಯಾಕೆಂಡ್ "ಇವರು ಯಾರೋ ಗೊತ್ತಿಲ್ಲ" ಅಂತ ಕೈ ಬಿಡುತ್ತೆ, ಫಾರ್ಮ್ "ಪಾಸ್‌ವರ್ಡ್ ಸರಿಯಿಲ್ಲ" ಅಂತ ತೋರಿಸುತ್ತೆ.

ಸರಿ ಮಾಡೋದು ಒಂದೇ ಸಾಲು. ಕನೆಕ್ಷನ್ ಆಪ್ಷನ್ಸ್‌ನಲ್ಲಿ ಆಪ್ಟ್ ರೆಫರಲ್ಸ್‌ಗೆ (OPT_REFERRALS) ಸೊನ್ನೆ, ಅಂದ್ರೆ ರೆಫರಲ್ ಹಿಂದೆ ಹೋಗಬೇಡ ಅಂತ. ಅಷ್ಟೇ!

"ನಾವು ಎಲ್‌ಡ್ಯಾಪ್‌ಸರ್ಚ್ ಹಾಕಿ ನೋಡಿದ್ವಿ, ಬರ್ತಿತ್ತು" ಅಂತಾರೆ ಟೀಮಿನವರು. ಬರದೇ ಏನು? ಡೈರೆಕ್ಟರಿಯಲ್ಲಿ ನೇರವಾಗಿ ಹುಡುಕೋ ಆ ಕಮಾಂಡು ದೊಡ್ಡಕ್ಷರದ ಸಿ (-C) ಅನ್ನೋ ಆಯ್ಕೆ ಕೊಡದಿದ್ರೆ ರೆಫರಲ್ ಹಿಂದೆ ಹೋಗೋದೇ ಇಲ್ಲ. ಅಲ್ಲಿ ಬಂತು ಅಂದ್ರೆ ಆ್ಯಪ್‌ನಲ್ಲೂ ಬರುತ್ತೆ ಅಂತ ಅರ್ಥ ಅಲ್ಲ.

ಹೋಗ್ಲಿ ಬಿಡಿ, ಎಲ್ಲ ಕಡೆ ಹೀಗೇ, ಯಾರ ಹತ್ರ ಹೇಳ್ಕೊಳ್ಳೋದು. ಬಿಡೋಣ ಅಂದ್ರೂ ಆ "ಸಾರಿ ಸರ್" ಕಿವಿಯಿಂದ ಹೋಗ್ತಿಲ್ಲ.

ಯಾರಾದ್ರೂ ಹೇಳಿ, ಲೈವ್‌ಗೆ ಹಾಕೋ ಮುಂಚೆ ಲಾಗಿಂಗ್ ಹೊಂದಿಸೋಕೆ ಎಷ್ಟು ಹೊತ್ತು ಬೇಕು? ಜಾಂಗೋ ಆತ್ ಎಲ್‌ಡ್ಯಾಪ್‌ನ (ಈ ಲಾಗಿನ್ ಮಾಡಿಸೋ ಪ್ಯಾಕೇಜು) ಲಾಗರನ್ನ ಡೀಬಗ್‌ಗೆ ಇಟ್ಟು, ಬರೆದಿದ್ದು ಎಲ್ಲಿಗೆ ಹೋಗಬೇಕು ಅಂತ ಒಂದು ಹ್ಯಾಂಡ್ಲರ್ ಕೊಟ್ಟಿದ್ರೆ ಐದು ನಿಮಿಷದಲ್ಲಿ ಕಾರಣ ಕಣ್ಣಿಗೆ ಬೀಳ್ತಿತ್ತು. ಪಾಸ್‌ವರ್ಡ್ ನಿಜಕ್ಕೂ ತಪ್ಪಿದ್ರೆ ಆಕ್ಟಿವ್ ಡೈರೆಕ್ಟರಿ ಎರರ್ 49ರ ಜೊತೆ 52ಇ ಅಂತ ಬರೆದು ಕಳಿಸುತ್ತೆ. ಪಾಸ್‌ವರ್ಡಿನ ಅವಧಿ ಮುಗಿದಿದ್ರೆ 532, ಖಾತೆ ನಿಷ್ಕ್ರಿಯವಾಗಿದ್ರೆ 533, ಲಾಕ್ ಆಗಿದ್ರೆ 775. ಇಷ್ಟು ಬಿಡಿಸಿ ಹೇಳುತ್ತೆ! 52ಇ ನೋಡದೆ ಒಬ್ಬರಿಗೆ "ನೆನಪಿಲ್ವಾ" ಅಂತ ಕೇಳೋ ಹಕ್ಕು ಯಾರಿಗೂ ಇಲ್ಲ.

ಅದೇ ಸೆಟ್ಟಿಂಗ್ ಫೈಲಿನಲ್ಲಿ ಇನ್ನೊಂದು ಇದೆ, ಅದಕ್ಕಂತೂ ಮೈ ಉರೀತು. ಎಲ್‌ಡ್ಯಾಪ್ ಗೂಢಲಿಪಿಯಲ್ಲಿ ನಡೆಯೋ 636ನೇ ಪೋರ್ಟ್‌ನಲ್ಲಿ ಸರ್ವರಿನ ಸರ್ಟಿಫಿಕೇಟ್ ತಕರಾರು ಬಂದಿದ್ದಕ್ಕೆ ಪರಿಶೀಲನೆಯನ್ನೇ "ನೆವರ್" ಮಾಡಿ ಇಟ್ಟಿದ್ದಾರೆ. ಮಧ್ಯೆ ಯಾರು ಕೂತು ನಾನೇ ಸರ್ವರ್ ಅಂದ್ರೂ ಆಫೀಸಿನವರೆಲ್ಲರ ಪಾಸ್‌ವರ್ಡ್ ಅವನ ಕೈಗೆ. ಆಫೀಸಿನ ಒಳಗಿನ ಸಿಎ (ಸರ್ಟಿಫಿಕೇಟ್ ಕೊಡೋ ಪ್ರಾಧಿಕಾರ) ಸರ್ಟಿಫಿಕೇಟಿನ ಫೈಲ್ ಎಲ್ಲಿದೆ ಅಂತ ಕೊಟ್ಟು, ನ್ಯೂ ಸಿಟಿಎಕ್ಸ್ (OPT_X_TLS_NEWCTX) ಆಯ್ಕೆಯನ್ನ ಟಿಎಲ್‌ಎಸ್ (ಗೂಢಲಿಪಿ ಸಂಪರ್ಕದ) ಸಾಲುಗಳಲ್ಲಿ ಕಟ್ಟಕಡೆಗೆ ಇಟ್ಟಿದ್ರೆ ಸಾಕಿತ್ತು. ಅದು ಕೊನೆಗೆ ಇರದಿದ್ರೆ ಮೇಲಿನ ಬದಲಾವಣೆ ಜಾರಿಗೇ ಬರಲ್ಲ. ಬಹುಶಃ ಅಲ್ಲೇ ಎಡವಿ, ನೆವರ್ ಹಾಕಿ ಎದ್ದುಹೋಗಿದ್ದಾರೆ.

ಈಗ ರೆಫರಲ್ ಸಾಲು ಸೇರಿದೆ, ಎಲ್ರೂ ಒಳಗೆ ಹೋಗ್ತಿದಾರೆ. ಟೀಮಿನವರು ಟಿಕೆಟ್ ಮುಚ್ಚುವಾಗ ಬರೆದಿದ್ದು: "ಯೂಸರ್ ಪಾಸ್‌ವರ್ಡ್ ರೀಸೆಟ್ ಮಾಡಿದ ನಂತರ ಸರಿಹೋಯಿತು." ಮೇಡಂ ಹೊಸ ಪಾಸ್‌ವರ್ಡನ್ನ ಚೀಟಿಯಲ್ಲಿ ಬರೆದು ಕೀಬೋರ್ಡ್ ಕೆಳಗೆ ಇಟ್ಕೊಂಡಿದಾರೆ, ಮತ್ತೆ ಮರೆತುಹೋದ್ರೆ ಅಂತ. ಆ ಟಿಕೆಟ್ ತಿದ್ದಿ. ಅವರ ಹತ್ರ ಹೋಗಿ, ಅದೇ ಐದು ಜನರ ಎದುರು ಹೇಳಿ, ತಪ್ಪು ನಮ್ಮದು ಅಂತ.