ಹಾಲು ಕಾಯಿಸುವವರು, ಕೆನೆ ಕಡೆಯುವವರು

"ಕಾಯಿಸದೆ ಹಾಗೆಯೇ ಹಾಕುವುದೇ?" ಎಂದು ಅಮ್ಮ ವಿಡಿಯೊ ಕರೆಯಲ್ಲಿ ಕೇಳಿದಳು. ನಾನು ಪೀಚ್ ಹಣ್ಣಿನ ತಿರುಳಿಗೆ ಅಂಗಡಿಯ ಕೆನೆಯನ್ನು ನೇರವಾಗಿ ಸುರಿಯುತ್ತಿದ್ದೆ. ಸಾಗರದ ನಮ್ಮ ಮನೆಯಲ್ಲಿ ಹಾಲು ಒಲೆಯ ಮೇಲೆ ಒಮ್ಮೆ ಉಕ್ಕಿ ಬಂದ ಮೇಲಷ್ಟೇ ಉಳಿದ ಕೆಲಸಕ್ಕೆ ಸಲ್ಲುತ್ತಿತ್ತು. ಇಲ್ಲಿ ಸಿಗುವ ಹಾಲು, ಕೆನೆ ಎರಡೂ ಪಾಶ್ಚರೀಕರಿಸಿ ಬಂದವು, ಭಯವಿಲ್ಲ ಎಂದು ಹೇಳಿದೆ. ಅವಳು ಭಯಪಟ್ಟು ಕೇಳಿರಲಿಲ್ಲ. "ಕಾಯಿಸದಿದ್ದರೆ ಅದಕ್ಕೆ ರುಚಿ ಎಲ್ಲಿಂದ ಬರಬೇಕು?" ಎಂದಳು.

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಬೇಸಿಗೆ ಎಂದರೆ 37, 38 ಡಿಗ್ರಿಯ ಮಧ್ಯಾಹ್ನಗಳು. ಮನೆಯಲ್ಲಿ ಇಬ್ಬರು ಮಕ್ಕಳಿರುವುದರಿಂದ ಹಣ್ಣು, ಹಾಲು ಸೇರಿಸಿ ಕಡ್ಡಿಗೆ ಕಟ್ಟುವ ಐಸ್ ಕ್ಯಾಂಡಿಯನ್ನು ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮನೆಯಲ್ಲಿಯೇ ಮಾಡುತ್ತೇನೆ. ಮಾಡುತ್ತಾ ಮಾಡುತ್ತಾ ಅಮ್ಮನ ಪ್ರಶ್ನೆಗೆ ಉತ್ತರ ಹುಡುಕಿದ್ದೇನೆ. ಹಾಲನ್ನು ಕಾಯಿಸಿ ಇಂಗಿಸುವ ನಮ್ಮ ಪದ್ಧತಿ, ಕೆನೆಯನ್ನು ಹಸಿಯಾಗಿಯೇ ಕಡೆದು ಹಣ್ಣಿಗೆ ಬೆರೆಸುವ ಇಲ್ಲಿಯವರ ಪದ್ಧತಿ, ಎರಡೂ ಒಂದೇ ತೊಂದರೆಯನ್ನು ನಿವಾರಿಸಲು ಹುಟ್ಟಿದವು. ಆ ತೊಂದರೆ ನೀರು. ಹಣ್ಣಿನಲ್ಲಿಯೂ ನೀರು, ಹಾಲಿನಲ್ಲಿಯೂ ನೀರು. ಅದು ನಿಧಾನವಾಗಿ ಹೆಪ್ಪುಗಟ್ಟಿದರೆ ದೊಡ್ಡ ದೊಡ್ಡ ಹರಳುಗಳಾಗುತ್ತದೆ, ಹಲ್ಲಿಗೆ ಮರಳಿನಂತೆ ಸಿಗುತ್ತದೆ. ನಮ್ಮವರು ನೀರನ್ನು ಒಲೆಯ ಮೇಲೆಯೇ ಆವಿಯಾಗಿಸಿ ಕಳೆಯುತ್ತಾರೆ. ಇಲ್ಲಿಯವರು ನೀರನ್ನು ಹಾಗೆಯೇ ಬಿಟ್ಟು, ಅದರ ನಡುವೆ ಕೊಬ್ಬನ್ನೂ ಗಾಳಿಯನ್ನೂ ತುಂಬುತ್ತಾರೆ.

ಅಮೆರಿಕದಲ್ಲಿ ಗಟ್ಟಿ ಕೆನೆ ಎಂದು ಮಾರಬೇಕಾದರೆ ಅದರಲ್ಲಿ ಕನಿಷ್ಠ 36 ಶೇಕಡಾ ಕೊಬ್ಬು ಇರಲೇಬೇಕೆಂಬ ನಿಯಮವಿದೆ. ಅದನ್ನು ತಣ್ಣಗಿರುವಾಗಲೇ ಕಡೆದರೆ ಐದು ನಿಮಿಷದಲ್ಲಿ ಉಬ್ಬಿ ಮೃದುವಾಗಿ ನಿಲ್ಲುತ್ತದೆ. ಇದನ್ನು ಹಣ್ಣಿನ ತಿರುಳಿಗೆ ಮೆಲ್ಲಗೆ ಬೆರೆಸಿ ಅಚ್ಚಿಗೆ ಹಾಕಿದರೆ ಆಯಿತು, ಒಲೆಯ ಕೆಲಸವೇ ಇಲ್ಲ. ಹಣ್ಣಿನ ಹಸಿ ಪರಿಮಳ ಹಾಗೆಯೇ ಉಳಿಯುವುದು ಈ ಪದ್ಧತಿಯ ದೊಡ್ಡ ಗುಣ. ಆದರೆ ಕೆನೆ ಹೆಚ್ಚಾದರೆ ನಾಲಿಗೆಯ ಮೇಲೆ ಒಂದು ಪದರ ಕಟ್ಟಿ ಹಣ್ಣನ್ನೇ ಮುಚ್ಚಿಬಿಡುತ್ತದೆ. ಸ್ಯಾನ್ ಆಂಟೋನಿಯೊದಿಂದ ತೆಂಕಣಕ್ಕಿರುವ ಪೊಟೀಟ್ ಎಂಬ ಸಣ್ಣ ಪಟ್ಟಣ ಸ್ಟ್ರಾಬೆರಿಗೆ ಹೆಸರಾದದ್ದು, 1948ರಿಂದ ಅಲ್ಲಿ ಸ್ಟ್ರಾಬೆರಿ ಉತ್ಸವ ನಡೆಯುತ್ತಿದೆ. ಆ ಹಣ್ಣಿಗೆ ಸಮಪ್ರಮಾಣದ ಕೆನೆ ಹಾಕಿದರೆ ಬೆಣ್ಣೆ ತಿಂದಂತಾಗುತ್ತದೆ. ಎರಡು ಪಾಲು ಹಣ್ಣಿಗೆ ಒಂದು ಪಾಲು ಕೆನೆ ನಾನು ಕಂಡುಕೊಂಡ ಹದ.

ಪೀಚ್ ವಿಷಯದಲ್ಲಿ ನಾನು ಇಲ್ಲಿಯವರ ಪದ್ಧತಿಗೆ ಸಂಪೂರ್ಣವಾಗಿ ಶರಣಾಗಿದ್ದೇನೆ. ಫ್ರೆಡರಿಕ್ಸ್‌ಬರ್ಗ್, ಸ್ಟೋನ್‌ವಾಲ್ ಕಡೆಯ ಗುಡ್ಡನಾಡಿನ ತೋಟಗಳಿಂದ ಮೇ ನಡುವಿನಿಂದ ಬರುವ ಹಣ್ಣು ಅದು. ಕೈಯಲ್ಲಿ ಹಿಡಿದರೆ ಮೊಣಕೈವರೆಗೆ ರಸ ಇಳಿಯುತ್ತದೆ. ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತಣ್ಣೀರಿಗೆ ಹಾಕಿದರೆ ಸಿಪ್ಪೆ ತಾನಾಗಿ ಜಾರುತ್ತದೆ. ಅರ್ಧ ಕಿಲೊ ಹಣ್ಣಿಗೆ ನೂರು ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು, ಸ್ವಲ್ಪ ನಿಂಬೆರಸ ಹಾಕಿ ಅರ್ಧ ಗಂಟೆ ಬಿಡಬೇಕು. ಈ ಅರ್ಧ ಗಂಟೆಯನ್ನು ಉಳಿಸಲು ಹೋಗಬಾರದು. ಸಕ್ಕರೆ ಹೋಳಿನ ಒಳಗೆ ಇಳಿದು ನೀರು ಹೊರಗೆ ಬರುವ ಹೊತ್ತು ಅದು. ಸಕ್ಕರೆ ಇಳಿಯದ ಹೋಳು ಫ್ರೀಜರಿನಲ್ಲಿ ಬೆಣಚುಕಲ್ಲಾಗುತ್ತದೆ. ಆಮೇಲೆ ಅರ್ಧ ಹಣ್ಣನ್ನು ಅರೆದು, ಅರ್ಧವನ್ನು ಕೈಯಿಂದ ಕಿವುಚಿ, ಒಂದು ಬಟ್ಟಲು ಕಡೆದ ಕೆನೆಗೆ ಸೇರಿಸುತ್ತೇನೆ. ಇದಕ್ಕೆ ಏಲಕ್ಕಿ ಹಾಕಬಾರದು. ಕಾಯಿಸಿದ ಹಾಲನ್ನಂತೂ ಹಾಕಲೇಬಾರದು, ಬಾಸುಂದಿಯ ಘಮ ಪೀಚ್‌ನ ಹೂವಿನಂಥ ಪರಿಮಳವನ್ನು ನುಂಗಿ ಕುಳಿತುಕೊಳ್ಳುತ್ತದೆ. ನಮ್ಮವರು ಸ್ಟ್ರಾಬೆರಿ ಕುಲ್ಫಿ, ಪೀಚ್ ಕುಲ್ಫಿ ಎಂದು ಮಾಡುವುದನ್ನು ಕಂಡಾಗಲೆಲ್ಲ ಆ ಹಣ್ಣಿಗೆ ಅನ್ಯಾಯವಾಯಿತಲ್ಲ ಎನ್ನಿಸುತ್ತದೆ.

ಹಾಗಾದರೆ ನಮ್ಮ ಪದ್ಧತಿ ಕಡಿಮೆಯೇ? ಖಂಡಿತ ಅಲ್ಲ. ಒಂದು ಲೀಟರ್ ಹಾಲನ್ನು ತಳ ಹತ್ತದಂತೆ ಕೈಯಾಡಿಸುತ್ತಾ ಅರ್ಧಕ್ಕೆ ಇಳಿಸಿದರೆ ಅದರ ನೀರು ಹೋಗಿ, ಹಾಲಿನ ಸಾರ ಗಟ್ಟಿಯಾಗಿ, ಸಣ್ಣಗೆ ಬೆಲ್ಲದ ಬಣ್ಣ ಬರುತ್ತದೆ. ಅಮ್ಮ ಕೇಳಿದ ರುಚಿ ಅದೇ. ಅದು ಕಡೆದ ಕೆನೆಯಿಂದ ಎಂದೂ ಬರುವುದಿಲ್ಲ. ಕುಲ್ಫಿಯನ್ನು ಕಡೆಯದೆಯೇ ನಯವಾಗಿ ಕಟ್ಟುವ ಜಾಣ್ಮೆಯ ಅರ್ಧ ಭಾಗ ಈ ಇಂಗಿಸುವುದರಲ್ಲಿದ್ದರೆ ಉಳಿದರ್ಧ ಐಸು, ಉಪ್ಪು ತುಂಬಿದ ಮಡಕೆಯಲ್ಲಿದೆ. ಐಸಿಗೆ ಉಪ್ಪು ಬೆರೆಸಿದರೆ ಅದರ ಶೈತ್ಯ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ಇಳಿಯಬಲ್ಲದು. ನಮ್ಮ ಮನೆಯ ಫ್ರೀಜರ್ ನಿಲ್ಲುವುದು ಸೊನ್ನೆಗಿಂತ 18 ಡಿಗ್ರಿ ಕೆಳಗೆ. ಮೇಲಾಗಿ ಫ್ರೀಜರಿನ ಗಾಳಿಗಿಂತ ಉಪ್ಪುನೀರು ಶೈತ್ಯವನ್ನು ಎಷ್ಟೋ ಬೇಗ ಮುಟ್ಟಿಸುತ್ತದೆ. ತಗಡಿನ ಅಚ್ಚುಗಳ ಬಾಯಿಗೆ ಹಿಟ್ಟು ಮೆತ್ತಿ ಮಡಕೆಯೊಳಗೆ ಅಲುಗಾಡಿಸುತ್ತಿದ್ದ ಕುಲ್ಫಿಯವನ ಕೈಯಲ್ಲಿ ಹರಳುಗಳು ಸಣ್ಣವಾಗಿಯೇ ಉಳಿಯುತ್ತಿದ್ದುದು ಹೀಗೆ.

ಈ ಲೆಕ್ಕ ತಿಳಿದ ಮೇಲೆ ನಾನು ಪ್ಲಾಸ್ಟಿಕ್ ಅಚ್ಚುಗಳನ್ನು ಬಿಟ್ಟು ಊರಿನಿಂದ ತಂದ ಸಣ್ಣ ಸ್ಟೀಲ್ ಲೋಟಗಳಿಗೆ ಮರಳಿದೆ. ಲೋಹಕ್ಕೆ ಶೈತ್ಯ ಬೇಗ ತಗಲುತ್ತದೆ, ಬೇಗ ಕಟ್ಟುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುವುದರಿಂದ ಮೇಲೆ ಅರ್ಧ ಬೆರಳು ಜಾಗ ಬಿಡುತ್ತೇನೆ. ಒಂದು, ಒಂದೂವರೆ ಗಂಟೆ ಕಳೆದು ಅರೆಗಟ್ಟಿಯಾದಾಗ ಕಡ್ಡಿ ಊರಿದರೆ ನೆಟ್ಟಗೆ ನಿಲ್ಲುತ್ತದೆ. ತೆಗೆಯುವಾಗ ಲೋಟವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಹಿಡಿದರೆ ಸಾಕು.

ಈಗ ನನಗೆ ನಿಜಕ್ಕೂ ನೋವು ತರುವ ವಿಷಯಕ್ಕೆ ಬರುತ್ತೇನೆ. ಹೊರದೇಶದಲ್ಲಿರುವ ನಮ್ಮವರ ಯುಗಾದಿ, ರಾಜ್ಯೋತ್ಸವದ ಊಟಗಳಿಗೆ ಮಾವಿನ ಕುಲ್ಫಿ ತಪ್ಪದೆ ಬರುತ್ತದೆ. ಹೆಚ್ಚಿನ ಮನೆಗಳಲ್ಲಿ ಅದನ್ನು ಮಾಡುವುದು ಮೂರು ಡಬ್ಬಿಗಳಿಂದ. ಒಂದು ಮಾವಿನ ತಿರುಳಿನ ಡಬ್ಬಿ, ಒಂದು ಸಿಹಿ ಮಂದಹಾಲಿನ ಡಬ್ಬಿ, ಇನ್ನೊಂದು ಕೆನೆಯಂತೆ ಕಾಣುವ, ಎಣ್ಣೆ ಮತ್ತು ಸಕ್ಕರೆ ಪಾಕದಿಂದ ಮಾಡಿದ ನೊರೆಯ ಡಬ್ಬಿ. ಮೂರರಲ್ಲಿಯೂ ಮೊದಲೇ ಸಕ್ಕರೆ ಇದೆ. ಡಬ್ಬಿಯ ತಿರುಳು ಕಾಯಿಸಿ ತುಂಬಿದ್ದಾದ್ದರಿಂದ ಮಾವಿನ ಹಸಿ ಪರಿಮಳ ಅಲ್ಲಿಯೇ ಮುಗಿದಿರುತ್ತದೆ. ಸಮಯವಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ, ಇಬ್ಬರೂ ದುಡಿಯುವ ಮನೆಗಳು ಇವು. ಆದರೆ ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಮಾವು ಎಂದರೆ ಈ ರುಚಿ ಎಂದು ಕಲಿಯುತ್ತಿದ್ದಾರಲ್ಲ, ಅದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ.

ತಾಜಾ ಮಾವು ಸಿಗದು ಎನ್ನುವುದು ನಿಜವಲ್ಲ. ಭಾರತದ ಮಾವು ವಿಕಿರಣ ಸಂಸ್ಕರಣೆಯ ಷರತ್ತಿನೊಂದಿಗೆ 2007ರಿಂದ ಅಮೆರಿಕಕ್ಕೆ ಮತ್ತೆ ಬರುತ್ತಿದೆ. ವಿಮಾನದಲ್ಲಿ ಬರುವ ಆ ಹಣ್ಣು ದುಬಾರಿಯೆಂದು ಬಿಟ್ಟರೂ, ಮೆಕ್ಸಿಕೊದ ಅತೌಲ್ಫೊ ಎಂಬ ತೆಳು ಓಟೆಯ, ನಾರಿಲ್ಲದ ಹಳದಿ ಮಾವು ಮಾರ್ಚ್‌ನಿಂದ ಜುಲೈವರೆಗೆ ಎಲ್ಲ ಅಂಗಡಿಗಳಲ್ಲಿಯೂ ರಾಶಿ ಬೀಳುತ್ತದೆ. ರಸಪುರಿಯ ಘಮ ಅದಕ್ಕಿಲ್ಲ. ಆದರೆ ಸಿಪ್ಪೆ ಸುಕ್ಕಾಗುವವರೆಗೆ ಕಾದರೆ ಒಳ್ಳೆಯ ಸೀಕರಣೆಯಾಗುತ್ತದೆ. ಆ ಸೀಕರಣೆಯನ್ನೇ ಕಡ್ಡಿಗೆ ಕಟ್ಟಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಯಾವ ಸೀಕರಣೆ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಹೆಂಡತಿ ಮೈಸೂರಿನವಳು, ಅವಳಿಗೆ ಹಾಲು, ಸಕ್ಕರೆ, ಏಲಕ್ಕಿಯೇ ಆಗಬೇಕು. ಅರ್ಧಕ್ಕೆ ಇಳಿಸಿದ ಹಾಲನ್ನು ಪೂರ್ತಿ ತಣಿಸಿ, ಎರಡು ಬಟ್ಟಲು ತಿರುಳು ಕೂಡಿಸುತ್ತಾಳೆ. ಬಿಸಿ ಇದ್ದಾಗ ಸೇರಿಸಿದರೆ ಅತೌಲ್ಫೊದ ಹುಳಿಗೆ ಹಾಲು ಒಡೆಯುತ್ತದೆ. ನಾನು ಮಲೆನಾಡಿನವನು, ನನಗೆ ಅದು ರಸಾಯನ. ತೆಂಗಿನಕಾಯಿಯ ಮೊದಲ ಹಾಲು, ಬೆಲ್ಲ, ಹುರಿದು ಕುಟ್ಟಿದ ಎಳ್ಳು. ಅಜ್ಜಿ ಇದನ್ನು ಒತ್ತುಶಾವಿಗೆಯ ಮೇಲೆ ಸುರಿಯುತ್ತಿದ್ದಳು. ಎರಡು ಬಟ್ಟಲು ಮಾವಿನ ತಿರುಳಿಗೆ ಒಂದೂಕಾಲು ಬಟ್ಟಲು ಗಟ್ಟಿ ಕಾಯಿಹಾಲು, ಅರ್ಧ ಬಟ್ಟಲು ಪುಡಿಬೆಲ್ಲ, ಚಿಟಿಕೆ ಉಪ್ಪು. ಎರಡನೆಯ ಸಲ ಹಿಂಡಿದ ತೆಳುಹಾಲನ್ನು ಸೇರಿಸಬಾರದು, ಅದು ಐಸೇ ಆಗುತ್ತದೆ. ಬೆಲ್ಲ ಇಲ್ಲಿ ರುಚಿಯ ಜೊತೆಗೆ ಇನ್ನೊಂದು ಉಪಕಾರ ಮಾಡುತ್ತದೆ. ಬಿಳಿ ಸಕ್ಕರೆಯಲ್ಲಿಲ್ಲದ ಗ್ಲೂಕೋಸ್, ಫ್ರಕ್ಟೋಸ್ ಅದರಲ್ಲಿ ಸ್ವಲ್ಪ ಬಿಡಿಯಾಗಿಯೇ ಇರುವುದರಿಂದ ಕಡ್ಡಿ ಕಲ್ಲಾಗದೆ ಹಲ್ಲಿಗೆ ಮೆದುವಾಗಿ ಸಿಗುತ್ತದೆ. ಬಟ್ಟಲಿನಲ್ಲಿ ರುಚಿ ನೋಡಿದಾಗ ಸಿಹಿ ಒಂದು ಚಮಚ ಹೆಚ್ಚಾಯಿತು ಎನಿಸಬೇಕು. ತಣ್ಣಗಾದ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಕೆನೆ ಕಡೆದು ಮಾಡಿದ ಮಾವಿನ ಕಡ್ಡಿಯನ್ನೂ ನಾನು ಮಾಡಿ ನೋಡಿದ್ದೇನೆ. ಈ ರಸಾಯನದ ಕಡ್ಡಿಯ ಮುಂದೆ ಅದು ನಿಲ್ಲುವುದಿಲ್ಲ.

ಹಣ್ಣಿಗೆ ತಕ್ಕ ಹಾಲನ್ನು ಹುಡುಕಬೇಕು ಎಂಬುದನ್ನು ನನಗೆ ಸ್ಪಷ್ಟವಾಗಿ ತೋರಿಸಿಕೊಟ್ಟವರು ನೆರೆಮನೆಯ ಮೆಕ್ಸಿಕನ್ ಅಜ್ಜಿ. ಅವರು ಮಿಚೋವಾಕಾನ್ ರಾಜ್ಯದವರು. ಅಲ್ಲಿಯ ತೊಕುಂಬೊ ಎಂಬ ಸಣ್ಣ ಊರಿನವರು ಮೆಕ್ಸಿಕೊದ ಉದ್ದಗಲಕ್ಕೂ ಐಸ್ ಕ್ಯಾಂಡಿ ಅಂಗಡಿಗಳನ್ನು ತೆರೆದು ಹೆಸರಾದವರು, ಊರಿನ ಬಾಗಿಲಲ್ಲಿಯೇ ಎತ್ತರದ ಐಸ್ ಕ್ಯಾಂಡಿಯ ಸ್ಮಾರಕವಿದೆ. ಅವರ ಭಾಷೆಯಲ್ಲಿ ಇದಕ್ಕೆ ಪಾಲೆತಾ ಎನ್ನುತ್ತಾರೆ. ನಮ್ಮ ಬೀದಿಗೂ ಗಂಟೆ ಬಾರಿಸುತ್ತಾ ತಳ್ಳುಗಾಡಿಯ ಪಾಲೆತಾದವನು ಬರುತ್ತಾನೆ, ಸಾಗರದ ಶಾಲೆಯ ಮುಂದೆ ಸೈಕಲ್ಲಿನ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದವನ ಹಾಗೆಯೇ. ಪಾಲೆತಾದಲ್ಲಿ ಎರಡು ಕುಲ, ನೀರಿನದು ಮತ್ತು ಹಾಲಿನದು. ಹಣ್ಣು ಕೈಗೆ ಬಂದ ಕೂಡಲೇ ಅಜ್ಜಿ ಮೊದಲು ನಿರ್ಧರಿಸುವುದು ಅದು ಯಾವ ಕುಲಕ್ಕೆ ಸೇರಿದ್ದು ಎಂದು. ನಿಂಬೆ, ಹುಣಸೆ, ಕಲ್ಲಂಗಡಿ ನೀರಿಗೆ. ಸ್ಟ್ರಾಬೆರಿ, ತೆಂಗು, ಸೀಬೆ ಹಾಲಿಗೆ. ಅನಾನಸನ್ನು ಹಸಿಯಾಗಿ ಹಾಲಿಗೆ ಹಾಕಲು ಅವರು ಬಿಡುವುದಿಲ್ಲ, ಕಹಿಯಾಗುತ್ತದೆ ಎನ್ನುತ್ತಾರೆ. ಕಾರಣ ಅದರಲ್ಲಿರುವ ಕಿಣ್ವ, ಅದು ಹಾಲಿನ ಪ್ರೋಟೀನನ್ನು ಮುರಿಯುತ್ತದೆ. ಹಣ್ಣನ್ನು ಒಮ್ಮೆ ಕುದಿಸಿದರೆ ಆ ಶಕ್ತಿ ಹೋಗುತ್ತದೆ.

ಇದನ್ನೆಲ್ಲ ಕೇಳುವಾಗ ನನ್ನ ಅಜ್ಜಿಯ ಮಾತೇ ಕಿವಿಯಲ್ಲಿತ್ತು. ಹುಳಿ ಹಣ್ಣಿಗೆ ಹಾಲು ತಾಗಿಸಬಾರದು ಎಂದು ಅವಳು ಗದರುತ್ತಿದ್ದಳು. ಬಾಳೆ, ಮಾವು, ಹಲಸು ಇವಕ್ಕೆ ಹಾಲು ಅಥವಾ ಕಾಯಿಹಾಲು. ಮುರುಗಲು, ನಿಂಬೆ, ಹೆರಳೆ ಇವಕ್ಕೆ ನೀರು, ಬೆಲ್ಲ, ಉಪ್ಪು. ಎರಡು ಕುಲಗಳ ಲೆಕ್ಕ ನಮ್ಮ ಅಡುಗೆಮನೆಯಲ್ಲಿಯೂ ಇತ್ತು. ಅದನ್ನು ಐಸಿನವರೆಗೆ ನಾವು ಕೊಂಡೊಯ್ಯಲಿಲ್ಲ ಅಷ್ಟೇ. ಮೆಕ್ಸಿಕೊದವರು ಬೀದಿಯ ರುಚಿಯನ್ನೆಲ್ಲ, ಮಾವಿಗೆ ಹಚ್ಚುವ ಉಪ್ಪು ಖಾರವನ್ನು ಸಹ, ಕಡ್ಡಿಗೆ ಕಟ್ಟಿದರು. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿಂದು ಬೆಳೆದ ನಾವು ಬಾಲ್ಯದಲ್ಲಿ ಕೊಂಡದ್ದು ಕೆಂಪು, ಹಳದಿ ಬಣ್ಣದ ಸಕ್ಕರೆ ನೀರನ್ನು.

ಅಮ್ಮ ಈ ಸಲ ಒಣಗಿದ ಮುರುಗಲು ಸಿಪ್ಪೆ ಕಳಿಸಿದ್ದಾಳೆ. ಹಿಂದಿನ ವಾರ ಅದನ್ನು ರಾತ್ರಿಯಿಡೀ ನೆನೆಸಿ, ಬೆಲ್ಲ, ಉಪ್ಪು, ಕುಟ್ಟಿದ ಜೀರಿಗೆ ಹಾಕಿ, ಹಾಲಿನ ಹನಿಯೂ ಸೋಕದಂತೆ ಲೋಟಗಳಲ್ಲಿ ಕಟ್ಟಿದೆ. ಗಾಢ ಕೆಂಪು ಬಂದಿತ್ತು. ಒಂದನ್ನು ನೆರೆಮನೆಗೆ ಕೊಂಡುಹೋದೆ. ಅಜ್ಜಿ ಒಮ್ಮೆ ಚೀಪಿ, "ಹಮಾಯ್ಕಾ?" ಎಂದರು. ನಮ್ಮ ಪುಂಡಿಯ ಬಳಗದ ಗಿಡವೊಂದರ ಒಣಗಿಸಿದ ಕೆಂಪು ಪುಷ್ಪಪಾತ್ರೆಗೆ ಅಲ್ಲಿ ಆ ಹೆಸರು, ಅದರ ಶರಬತ್ತಿಗೂ ಹೀಗೆಯೇ ಬಣ್ಣ, ಹೀಗೆಯೇ ಹುಳಿ. ಅಲ್ಲವೆಂದು ತಲೆಯಾಡಿಸಿ ಮನೆಗೆ ಹೋಗಿ ಎರಡು ಕರಿ ಸಿಪ್ಪೆಗಳನ್ನು ತಂದು ಅವರ ಅಂಗೈಯಲ್ಲಿಟ್ಟೆ. ಮೂಸಿ ನೋಡಿದರು, ಬಾಯಿಗೆ ಹಾಕಿಕೊಂಡರು, ಒಳಗೆ ಹೋಗಿ ಖಾರದ ಉಪ್ಪಿನ ಡಬ್ಬಿ ತಂದು ನನ್ನ ಕೈಗೆ ಕೊಟ್ಟರು. ಮುಂದಿನ ಸಲ ಕಡ್ಡಿಯ ತುದಿಯನ್ನು ಇದರಲ್ಲಿ ಅದ್ದಬೇಕಂತೆ. ಶನಿವಾರಕ್ಕೆ ಸಿಪ್ಪೆ ನೆನೆಹಾಕಿದ್ದೇನೆ.